ಅಜ್ಜಿ ಎಣಿಸಿದ ಹುಟ್ಟುಹಬ್ಬ

"ನಿನ್ನಪ್ಪನ ಹಾಗೆ ನೀನೂ ಹೇಳದೆ ಕೇಳದೆ ಓಡಿಹೋಗೋಳೇನೇ?"

ವಾಂಡೊ ದ್ವೀಪದ ಬಸ್ ಸ್ಟಾಪಿನಲ್ಲಿ ಅಜ್ಜಿ ಮಾಲ್ಸುನ್ ಮೊಮ್ಮಗಳಿಗೆ ಆಡಿದ ಮೊದಲ ಮಾತು ಅದು!

ಬೊರಾಮ್ ಸೂಟ್‌ಕೇಸ್ ಹಿಡಿದುಕೊಂಡೇ ತಲೆಬಾಗಿ ನಮಸ್ಕರಿಸಿದಳು. ಅಮ್ಮ ತೀರಿಕೊಂಡು ತಿಂಗಳಾಗಿತ್ತು. ಅಮ್ಮನನ್ನು ಮದುವೆಯಾಗಲು ಈ ಊರು ಬಿಟ್ಟಿದ್ದ ಅಪ್ಪ ಈಗ ದೂರದ ಸಮುದ್ರದಲ್ಲಿ, ಮೀನು ಹಡಗಿನಲ್ಲಿ. ಹುಟ್ಟಿದಾಗಿನಿಂದ ನೋಡೇ ಇರದ ಈ ಅಜ್ಜಿಯನ್ನು ಬಿಟ್ಟರೆ ಅವಳಿಗೆ ಇನ್ಯಾರಿದ್ದರು?

ಅದೇ ಬಸ್ಸಿನಿಂದ ಇಳಿದ ಪುಟ್ಟ ಮಗುವನ್ನು ಅದರ ಅಜ್ಜಿ, "ಬಂದ್ಯಾ, ನನ್ನ ನಾಯಿಮರೀ!" ಎಂದು ಬಾಚಿ ತಬ್ಬಿಕೊಂಡಳು. ಅಲ್ಲಿನ ಅಜ್ಜಿಯರು ಮೊಮ್ಮಕ್ಕಳನ್ನು ಮುದ್ದಿನಿಂದ ಕರೆಯುವುದೇ ಹಾಗೆ. ಮಾಲ್ಸುನ್ ಮಾತ್ರ ಸೂಟ್‌ಕೇಸ್ ಕಿತ್ತುಕೊಂಡು, ತಲೆಯ ಮೇಲಿಟ್ಟು ನಡೆದೇಬಿಟ್ಟಳು.

'ನನ್ನನ್ನೂ ಯಾವತ್ತಾದ್ರೂ ಹಾಗೆ ಕರೀತಾಳಾ...?'

ಮೂರು ತಿಂಗಳಾದರೂ ಕರೆಯಲಿಲ್ಲ. "ಅಕ್ಕಿ ತೊಳಿ", "ಕಾಲ್ಚೀಲ ಹಾಕ್ಕೋ"... ಇಷ್ಟೇ ಮಾತು. ಬೊರಾಮ್‌ಗೆ ಹದಿನೆಂಟು ತುಂಬಿದ ದಿನವೂ ಬಟ್ಟಲಿಗೆ ಬಿದ್ದದ್ದು ಹಿಂದಿನ ದಿನದ ಮೂಲಂಗಿ ಸಾರು! ಹುಟ್ಟುಹಬ್ಬಕ್ಕೆ ಕಡಲಸೊಪ್ಪಿನ ಸಾರು ಮಾಡದ ಮನೆಯೂ ಇರುತ್ತದೆಯೇ?

ಅದಕ್ಕೇ ಅವಳು ಮೊಕ್ಪೊ ಊರಿನ ನರ್ಸಿಂಗ್ ಕಾಲೇಜಿನಿಂದ ಬಂದ ಸಂದರ್ಶನದ ಪತ್ರವನ್ನು ಮುಚ್ಚಿಟ್ಟಳು. 'ಹೇಳಿದರೆ ತಡೀತಾಳೆ.'

ಹುಟ್ಟುಹಬ್ಬ ಕಳೆದ ಹನ್ನೊಂದನೆಯ ದಿನವೇ ಸಂದರ್ಶನ. ಬೆಳಿಗ್ಗೆ ಬಿಳಿ ಅಂಗಿ ತೊಟ್ಟು ಅಡುಗೆಮನೆಗೆ ಬಂದರೆ ಊಟದ ಮಣೆಯ ಮೇಲೆ ಹಬೆಯಾಡುತ್ತಿತ್ತು... ಕಡಲಸೊಪ್ಪಿನ ಸಾರು!

ಪರೀಕ್ಷೆಯ ದಿನ ಅದನ್ನು ಯಾರು ಮುಟ್ಟುತ್ತಾರೆ? ಆ ಸೊಪ್ಪು ಲೋಳೆಯ ಹಾಗೆ ಜಾರುತ್ತದೆ. ತಿಂದವರೂ ಪರೀಕ್ಷೆಯಲ್ಲಿ ಜಾರಿ ಬೀಳುತ್ತಾರೆ ಎಂದು ಚಿಕ್ಕ ಮಕ್ಕಳಿಗೂ ಗೊತ್ತು.

"ನನ್ನ ಪತ್ರ ಕದ್ದು ಓದಿದ್ರಿ ಅಲ್ವಾ ಅಜ್ಜಿ?"

"ಯಾವ ಪತ್ರನೇ?"

"ನಾಟಕ ಬೇಡ! ಇವತ್ತು ಕಾಲೇಜಿನ ಸಂದರ್ಶನ. ನಾನು ಫೇಲಾಗಲಿ ಅಂತ ತಾನೇ ಈ ಸಾರು? ಆವತ್ತು ಅಮ್ಮನ್ನ ಬೇಡ ಅಂದ್ರಿ, ಈಗ ನನ್ನನ್ನ...!"

ಅಜ್ಜಿಯ ಸೌಟು ಗಾಳಿಯಲ್ಲೇ ನಿಂತಿತು. ಬೊರಾಮ್ ಬಾಗಿಲು ಎಳೆದು ಓಡಿದಳು.

ಬಸ್ ಸ್ಟಾಪಿನ ಪಕ್ಕದಲ್ಲೇ ಅಜ್ಜಿಯ ಗೆಳತಿ ಚುನ್ಜಾಳ ದಿನಸಿ ಅಂಗಡಿ.

"ಏನೇ ಹುಡುಗಿ, ಹುಟ್ಟುಹಬ್ಬದ ದಿನ ಮುಖ ಹಿಂಗ್ಯಾಕೆ ಊದಿಸ್ಕೊಂಡಿದ್ದೀಯ?"

"ಅದು ಆಗ್ಲೇ ಮುಗೀತು ಅತ್ತೆ."

"ಅದು ಗೋಡೆ ಕ್ಯಾಲೆಂಡರಿಂದು ಕಣೇ! ನಿಮ್ಮಜ್ಜಿದು ಚಂದ್ರನ ಲೆಕ್ಕ. ನೀನು ಹುಟ್ಟಿದ ತಿಥಿ ಇವತ್ತು. ವರ್ಷಾ ವರ್ಷಾ ಬಂದು, ನಿನ್ನ ಆಯಸ್ಸು ಉದ್ದ ಆಗ್ಲಿ, ಮುರಿಯದ ಉದ್ದನೆ ಕಡಲಸೊಪ್ಪೇ ಬೇಕು ಅಂತ ಅಂಗಡಿಯೆಲ್ಲ ಜಾಲಾಡ್ತಾಳೆ. ಸಾರು ಮಾಡಿ ಮುಂದಿಟ್ಕೊಂಡು ಒಬ್ಬಳೇ ಕೂತಿರ್ತಾಳೆ."

"ಒಬ್ಬರೇನಾ...?"

"ಒಂದ್ಸಲ ಕೇಳಿದ್ದಕ್ಕೆ ಅತ್ತುಬಿಟ್ಲು. 'ಸೊಸೆ ಬಾಣಂತಿಯಾದಾಗ ನಾನೇ ಹೋಗಿ ಇದೇ ಸಾರು ಮಾಡಿಕೊಡಬೇಕಿತ್ತು ಚುನ್ಜಾ, ಹಟ ಹಿಡಿದು ಕೂತೆ' ಅಂದ್ಲು."

ಬಸ್ಸು ಬಂದು ನಿಂತಿತು. ಬೊರಾಮ್ ಹತ್ತದೆ ಮನೆಯ ದಾರಿಯತ್ತ ತಿರುಗಿದಳು. 'ಅಯ್ಯೋ... ನಾನೇನು ಅಂದುಬಿಟ್ಟೆ!'

ಅಷ್ಟರಲ್ಲಿ ಇಳಿಜಾರಿನಲ್ಲಿ ಅಜ್ಜಿ ಓಡಿ ಬರುತ್ತಿದ್ದಳು. ಒಂದು ಕಾಲಲ್ಲಿ ರಬ್ಬರ್ ಶೂ, ಇನ್ನೊಂದರಲ್ಲಿ ಬಚ್ಚಲ ಚಪ್ಪಲಿ!

"ಚುನ್ಜಾ! ಅಂಟು ಮಿಠಾಯಿ ಕೊಡೇ! ಇರೋದೆಲ್ಲ ಕೊಡು!"

"ಅಜ್ಜೀ, ಬಸ್ ಹೊರಡುತ್ತೆ!" ಎಂದ ಡ್ರೈವರ್.

"ಸ್ವಲ್ಪ ತಡಕೊಳ್ಳೋ! ನನ್ನ ಮೊಮ್ಮಗಳು ನರ್ಸ್ ಆಗೋಳು. ನಾಳೆ ನಿನಗೇ ಸೂಜಿ ಚುಚ್ತಾಳೆ, ನೋಡ್ತಿರು!"

ಏದುಸಿರು ಬಿಡುತ್ತಲೇ ಅಜ್ಜಿ ಮೊಮ್ಮಗಳ ಬಾಯಿಗೆ ಮಿಠಾಯಿ ತುರುಕಿದಳು. "ಹಲ್ಲಿಗೆ ಅಂಟ್ಲಿ ಬಿಡು. ಕಾಲೇಜ್ ಸೀಟೂ ಹಂಗೇ ಅಂಟ್ಕೊಳ್ಳುತ್ತೆ. ನಂಗೆ ಗೊತ್ತಿರಲಿಲ್ಲ ಕಣೇ... ದೇವರಾಣೆಗೂ ಗೊತ್ತಿರಲಿಲ್ಲ..."

ತಪ್ಪಾಯಿತು ಎನ್ನಲು ಬೊರಾಮ್‌ಗೆ ಬಾಯಿ ಬಿಡಲಾಗಲಿಲ್ಲ, ಹಲ್ಲೆಲ್ಲ ಅಂಟಿಕೊಂಡಿತ್ತು! ಕಣ್ಣೀರು ಮಾತ್ರ ಇಳಿಯಿತು.

ಸಂಜೆ ಮರಳಿದಾಗ ಅಜ್ಜಿ ಹೊಸ್ತಿಲಲ್ಲೇ ಕೂತಿದ್ದಳು. ಕಾಲಲ್ಲಿ ಅದೇ ಒಂದು ಶೂ, ಒಂದು ಚಪ್ಪಲಿ.

"ಹೆಂಗಾಯ್ತು?"

"ಮುಂದಿನ ವಾರ ಹೇಳ್ತಾರೆ. ಅಜ್ಜಿ... ಸಾರು ಚೆಲ್ಲಿಬಿಟ್ರಾ?"

"ಚೆಲ್ತೀನಾ? ಆದ್ರೆ ರಿಸಲ್ಟ್ ಬರೋ ತನಕ ಬೇಡ, ಜಾರಿಬೀಳ್ತೀಯ!" ಅಜ್ಜಿ ಅಡುಗೆಮನೆಗೆ ಓಡಿಹೋಗಿ ಸಾರಿನ ಪಾತ್ರೆಯ ಮುಚ್ಚಳ ಅದುಮಿ ಹಿಡಿದಳು.

ಆ ಒರಟು ಕೈಯನ್ನು ಬೊರಾಮ್ ಮೆಲ್ಲಗೆ ಸರಿಸಿ ಎರಡು ಬಟ್ಟಲಿಗೆ ಬಡಿಸಿದಳು.

"ಬಿದ್ರೆ ಬೀಳ್ತೀನಿ. ಹಿಡ್ಕೊಳ್ಳೋಕೆ ನೀವಿದ್ದೀರಲ್ಲ?"

ಅಜ್ಜಿ ಒಂದು ಬಟ್ಟಲನ್ನು ಅವಳ ಮುಂದಕ್ಕೆ ತಳ್ಳಿದಳು. "ಸೀಟು ಸಿಕ್ರೆ... ಹೋಗ್ಬಿಡ್ತೀಯಾ?"

"ಹೇಳಿಯೇ ಹೋಗ್ತೀನಿ ಅಜ್ಜಿ. ಶನಿವಾರ ಶನಿವಾರ ಬರ್ತೀನಿ."

"ಬಿಸಿ ಇದೆ, ಊದ್ಕೊಂಡು ಕುಡಿ... ನನ್ನ ನಾಯಿಮರಿ."

ಬೊರಾಮ್‌ಳ ಚಮಚ ನಿಂತಿತು. "ಏನಂದ್ರಿ? ಇನ್ನೊಂದ್ಸಲ ಹೇಳಿ ಅಜ್ಜಿ!"

"ಸಾರು ಆರುತ್ತೆ, ಕುಡಿಯೇ!"