ಕೊಯ್ದ ಹಗ್ಗ

"ಬಿಚ್ಚಾಕ ಆಗದಾ ಹೋದೋರೆಲ್ಲ ಪುಣ್ಯವಂತ್ರು, ಸಾಹುಕಾರ್ರ. ನೀವು ಆ ಹಗ್ಗದ ಗಂಟಿಗೆ ಕೈ ಹಚ್ಚಬ್ಯಾಡ್ರಿ. ಬಂದ ದಾರಿ ಹಿಡೀರಿ."

ಬೊಮ್ಮಪ್ಪ ಇದನ್ನು ಗಟ್ಟಿಯಾಗಿ ಹೇಳಲಿಲ್ಲ. ಕೈಗೆ ಮೆತ್ತಿದ್ದ ಗ್ರೀಸನ್ನು ಚಿಂದಿ ಬಟ್ಟೆಗೆ ಒರೆಸುತ್ತ, ಮನೆಯ ಬಾಗಿಲ ಕಡೆ ಒಂದು ಕಣ್ಣಿಟ್ಟು, ಗಂಟಲಲ್ಲೇ ಹೇಳಿದ. ಕೊಟ್ಟೂರಿನ ಹೊರಗೆ, ರೈಲು ಹಳಿಯ ಆಚೆ, ನಾಗಲಿಂಗಮ್ಮನ ಹಿತ್ತಲಲ್ಲಿ ಮಾರಾಟಕ್ಕೆ ನಿಂತಿದ್ದ ಹಳೆಯ ಮಿಲಿಟರಿ ಲಾರಿಯನ್ನು ವರ್ಷಗಟ್ಟಲೆ ನೋಡಿಕೊಂಡು ಬಂದ ಮೆಕ್ಯಾನಿಕ್ ಅವನು.

ಕೊಳ್ಳಲು ಬಂದಿದ್ದ ಅರುಣಕುಮಾರ ನಕ್ಕ. ಹಳೆಯ ಗಾಡಿಗಳನ್ನು ಹುಡುಕಿ ಕೊಂಡು, ತಿಕ್ಕಿ ತೀಡಿ, ಶೋಕಿಯ ಶ್ರೀಮಂತರಿಗೆ ಮಾರುವುದು ದಾವಣಗೆರೆಯಲ್ಲಿ ಅವನ ಕಸುಬು. ಲಿಂಬೆಹಣ್ಣು, ಮೆಣಸಿನಕಾಯಿ, ಕರಿದಾರ ಎಲ್ಲವನ್ನೂ ಕಿತ್ತು ಚರಂಡಿಗೆ ಎಸೆದು, ಗಾಡಿಗೆ ನೀರು ಹೊಡೆಯುವುದು ಅವನ ಮೊದಲ ಕೆಲಸ.

"ಹಗ್ಗಕ್ಕೂ ಮಾಟ ಮಾಡ್ಯಾರೇನು? ಇನ್ನ ಸ್ಟೆಪ್ನಿಗೆ ದೆವ್ವ ಹಿಡಿದೈತಿ ಅಂತೀಯೇನಪ್ಪ?" ಎಂದ.

ಬೊಮ್ಮಪ್ಪ ಸ್ಪ್ಯಾನರುಗಳನ್ನು ಎತ್ತಿಕೊಂಡು ಬೇವಿನ ಮರದ ಕೆಳಗೆ ಹೋಗಿ ಕುಳಿತ.

ಮಧ್ಯಾಹ್ನದ ಬಿಸಿಲಿಗೆ ಹಿತ್ತಲ ನೆಲ ಸುಡುತ್ತಿತ್ತು. ಲಾರಿ ಮಾತ್ರ ಈಗಷ್ಟೇ ಮೈ ತೊಳೆಸಿಕೊಂಡ ಎತ್ತಿನ ಹಾಗೆ ತಣ್ಣಗೆ ನಿಂತಿತ್ತು. ಕಡು ಹಸಿರು ಬಣ್ಣ ಎಲ್ಲೂ ಚಕ್ಕೆ ಎದ್ದಿರಲಿಲ್ಲ. ಹಿಂದಿನ ಹಲಗೆಗಳಿಗೆ ಹೊಂಗೆ ಎಣ್ಣೆ ಕುಡಿಸಿದ್ದರು. ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಹೋಗುವ ಗಾಡಿ ಅದು. ಎರೆ ಹೊಲದ ಕೆಸರಿನಲ್ಲಿ ಹೂತ ಟ್ರಾಕ್ಟರನ್ನು ಹಲ್ಲಿನಿಂದ ಮುಳ್ಳು ಕಿತ್ತಂತೆ ಎಳೆದು ಹಾಕುತ್ತಿತ್ತು. ಅದರ ಮೈ ನೋಡಿ ಅರುಣಕುಮಾರನ ಬಾಯಲ್ಲಿ ನೀರೂರಿತು.

ಮುಂದಿನ ಬಂಪರಿನ ಕೊಕ್ಕೆಗೆ ಹೆಬ್ಬೆರಳ ಗಾತ್ರದ ಹಗ್ಗವೊಂದು ಗಂಟು ಬಿದ್ದು ಸುತ್ತಿಕೊಂಡಿತ್ತು. ಅಷ್ಟು ಬಿಸಿಲಿನಲ್ಲೂ ಅದು ಒದ್ದೆಯಾಗಿತ್ತು. ಹತ್ತಿರ ಹೋದರೆ ಕೆರೆಯ ಹೂಳಿನ ವಾಸನೆ, ಕೊಳೆತ ಜೊಂಡಿನ ವಾಸನೆ.

ನಾಗಲಿಂಗಮ್ಮ ಒಳಗಿನಿಂದ ಬಂದಳು. ಬೋಳು ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಬಂದವನ ಮುಖ ನೋಡದೆ ಅವನ ಕೈಗಳನ್ನೇ ನೋಡಿದಳು.

"ದುಡ್ಡಿನ ಮಾತು ಆಮ್ಯಾಲ ಆಡೋಣ್ರಿ," ಎಂದಳು. "ಎತ್ತು ಮಾರಿದ್ರೂ ಹಗ್ಗ ಮಾರಂಗಿಲ್ಲ ನಮ್ಮ ಕಡೆ. ಹಗ್ಗ ಕೊಟ್ರ ಮನಿ ಲಕ್ಷ್ಮಿನ ಕೊಟ್ಟಂಗ. ಗಾಡಿನೂ ಹಂಗ. ಆ ಗಂಟು ಬಿಚ್ಚಿ ಹಗ್ಗ ನನ್ನ ಕೈಗೆ ಕೊಡ್ರಿ. ಬಿಚ್ಚಿದೋರಿಗೆ ಗಾಡಿ."

"ಬಿಚ್ಚದಿದ್ರ ಕೊಯ್ದರಾಯ್ತು."

"ಒಂದು ಸಲ ಕೊಯ್ದದ್ದು ಸಾಕ್ರಿ."

ಆ ಮಾತಿಗೆ ಅರುಣಕುಮಾರನ ಎದೆ ಝಲ್ಲೆಂದಿತು. ಯಾಕೆಂದರೆ ಈ ಗಾಡಿಯನ್ನು ಅವನು ಮೊದಲ ಸಲ ನೋಡುತ್ತಿರಲಿಲ್ಲ.

ಎಷ್ಟೋ ಮಳೆಗಾಲಗಳ ಹಿಂದೆ, ಚಿಗಟೇರಿ ಕಡೆಯ ಕೆರೆ ಏರಿಯ ಮೇಲೆ, ಜಡಿಮಳೆಯಲ್ಲಿ ಅವನ ಜೀಪು ಜಾರಿ ಹೂಳಿಗೆ ಇಳಿದಿತ್ತು. ಕಂಬಳಿ ಕೊಪ್ಪೆ ಹೊದ್ದ ಒಬ್ಬ ಮನುಷ್ಯ ಇದೇ ಲಾರಿ ತಂದು, ಇದೇ ಹಗ್ಗ ಬಿಗಿದು, ಜೀಪನ್ನು ಮೇಲಕ್ಕೆಳೆದ. ಅವನೇ ಗುರುಸಂಗಪ್ಪ, ನಾಗಲಿಂಗಮ್ಮನ ಗಂಡ. ಕೆಲಸ ಮುಗಿದು ಲಾರಿಗೆ ಕಟ್ಟಿದ್ದ ತುದಿ ಬಿಚ್ಚುವಾಗ ಅವನ ಕಾಲು ಜಾರಿತು. ಹಗ್ಗ ಹಿಡಿದೇ ಹೂಳಿಗೆ ಬಿದ್ದ. ಇನ್ನೊಂದು ತುದಿ ಜೀಪಿಗೆ ಕಟ್ಟಿತ್ತು. ಜೀಪು ನಾಲ್ಕು ಮಾರು ಮುಂದೆ ಹೋಗಿದ್ದರೆ ಮನುಷ್ಯ ಮೇಲೆ ಬರುತ್ತಿದ್ದ. "ಬಿಡಬ್ಯಾಡ್ರೀ!" ಎಂದು ಕೂಗುತ್ತಿದ್ದ. ಆದರೆ ಏರಿಯ ಮಣ್ಣು ಕುಸಿಯುತ್ತಿತ್ತು. ಜೀಪು ಮತ್ತೆ ಜಾರಿದರೆ? ಅರುಣಕುಮಾರ ಚಾಕು ತೆಗೆದ. ಹಗ್ಗ ಕೊಯ್ದ. ಹೊರಟುಹೋದ. ಕಂಡವರು ಯಾರೂ ಇರಲಿಲ್ಲ.

ಕನ್ನಡಿಯಲ್ಲಿ ಅವನು ಹಿಂತಿರುಗಿ ನೋಡಿದ್ದು ಆ ಮನುಷ್ಯನನ್ನಲ್ಲ, ಮಳೆಯಲ್ಲಿ ನಿಂತಿದ್ದ ಲಾರಿಯನ್ನು. ಎಂಥಾ ಗಾಡಿ ಎಂದುಕೊಂಡಿದ್ದ. ಮೊನ್ನೆ ಮೊಬೈಲಿನಲ್ಲಿ 'ಚೆನ್ನಾಗಿ ನೋಡಿಕೊಂಡ ಹಳೆಯ ಗಾಡಿ ಮಾರಾಟಕ್ಕಿದೆ' ಎಂಬ ಫೋಟೋ ಕಂಡಾಗ ಆ ಆಸೆ ಮತ್ತೆ ಹೆಡೆಯೆತ್ತಿತು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತಾರೆ. ಇವನು ಬಿಂದಿಗೆ ಹಿಡಿದು ತಾನೇ ಬಂದಿದ್ದ.

ಈಗ ಹಿಂದೆ ಸರಿದರೆ ತಪ್ಪು ಒಪ್ಪಿಕೊಂಡಂತೆ. ಅಂಗಿಯ ತೋಳು ಮಡಚಿ ಗಂಟಿನ ಮುಂದೆ ಕುಳಿತ.

"ಕಟ್ಟಾಳುಗಳು ಬಂದು ಉಗುರು ಕಿತ್ತುಕೊಂಡು ಹೋಗ್ಯಾರ," ಎಂದು ಮರದ ಕೆಳಗಿನಿಂದ ಬೊಮ್ಮಪ್ಪನ ದನಿ ಬಂತು. "ಇನ್ನೂ ಹೊತ್ತು ಮೀರಿಲ್ಲ. ಬ್ಯಾಡ್ರಿ."

ಅರುಣಕುಮಾರ ಗಂಟು ಮುಟ್ಟಿದ. ತಣ್ಣಗಿತ್ತು. ಎಳೆಯುವ ಮೊದಲೇ ಹಗ್ಗ ಸಡಿಲಾಯಿತು. ನಿದ್ದೆಯಿಂದ ಎದ್ದು ಮೈಮುರಿದಂತೆ ಸುರುಳಿ ಸುರುಳಿಯಾಗಿ ತಾನೇ ಬಿಚ್ಚಿಕೊಂಡು ಅವನ ಮಡಿಲಿಗೆ ಬಿತ್ತು. ಗಂಟಿನ ಒಳಗೆ ಅಡಗಿದ್ದ ತುದಿ ಹೊರಗೆ ಬಂತು. ಚಾಕುವಿನಲ್ಲಿ ಓರೆಯಾಗಿ ಕೊಯ್ದ ತುದಿ.

ಬೊಮ್ಮಪ್ಪ ಎದ್ದು, ಯಾರ ಮುಖವನ್ನೂ ನೋಡದೆ, ಗೇಟು ದಾಟಿ ಹೊರಟುಹೋದ.

ನಾಗಲಿಂಗಮ್ಮ ಹಗ್ಗ ತೆಗೆದುಕೊಂಡು ಎದೆಗೆ ಒತ್ತಿಕೊಂಡಳು.

"ಹೂಳಿನಾಗಿಂದ ಎತ್ತಿದಾಗ ಇದು ಅವರ ಮುಷ್ಟಿಯಾಗ ಇತ್ತು. ಯಾರು ಬಿಡಿಸಿದ್ರೂ ಬೆರಳು ಬಿಡಲಿಲ್ಲ. ನಾ ಮುಟ್ಟಿದ ಮ್ಯಾಲ ಬಿಟ್ರು. ಕೂಡ್ಲಿಗಿ ಕಡೆ ದ್ಯಾಮಕ್ಕ ಅಂತ ಮಾಟ ಬಲ್ಲ ಒಬ್ಬಾಕಿ ಇದ್ಲು. ಅಮಾಸಿ ದಿನ ಬಂದು ಗಾಡಿ ಕೊಕ್ಕಿಗೆ ಗಂಟು ಹಾಕಿ ಕೊಟ್ಲು. ಕೊಯ್ದ ಕೈಗೆ ಬಿಟ್ರ ಇನ್ಯಾರಿಗೂ ಇದು ಬಿಚ್ಚಂಗಿಲ್ಲ ಅಂದ್ಲು."

"ಏನ್ ಮಾತಾಡ್ತೀರಿ ನೀವು? ನಾನು ಈ ಕಡೆ ಬಂದಾ ಇಲ್ಲ."

"ಹಂಗಾರ ಅಂಜಿಕಿ ಯಾಕ್ರಿ? ಹತ್ರಿ. ಒಂದು ಸುತ್ತು ಓಡಿಸಿ ನೋಡ್ರಿ. ನಾ ಆಡಿದ ಮಾತು ಉಳಿಸಿಕೊಳ್ತೀನಿ."

ಅವನು ಹತ್ತಿದ. ಹತ್ತಬಾರದಿತ್ತು. ಅವನ ಕಾರು ಅಲ್ಲೇ ನೆರಳಿನಲ್ಲಿತ್ತು. ಅದನ್ನು ಹತ್ತಿ ಓಡಬಹುದಿತ್ತು. ಆದರೆ ಒಬ್ಬ ಮುದುಕಿಯ ಮುಂದೆ ಹೆದರಿದವನಂತೆ ಕಾಣಲು ಅವನ ಜಂಬ ಬಿಡಲಿಲ್ಲ. ಹಳಿ ದಾಟಿ, ಊರ ಕೊನೆಯಲ್ಲಿ ತಿರುಗಿಸಿ, ಗಾಡಿ ಸರಿಯಿಲ್ಲ ಎಂದು ಹೇಳಿ ಹೊರಡುವುದೆಂದು ಲೆಕ್ಕ ಹಾಕಿದ.

ಎಂಜಿನ್ನು ಮೊದಲ ಸಲಕ್ಕೇ ಹತ್ತಿಕೊಂಡಿತು. ಗೇರು ಬೆಣ್ಣೆಯಲ್ಲಿ ಇಳಿದಂತೆ ಬಿತ್ತು. ಊರ ಕೊನೆ ಬಂತು. ಸ್ಟೇರಿಂಗ್ ತಿರುಗಿಸಿದ. ತಿರುಗಲಿಲ್ಲ. ಎರಡೂ ಕೈಯಿಂದ ಜಗ್ಗಿದ. ಬ್ರೇಕು ತುಳಿದ. ಕಾಲು ನೆಲ ಮುಟ್ಟಿತು, ಗಾಡಿ ನಿಲ್ಲಲಿಲ್ಲ.

ಲಾರಿ ಜೋರಾಗಿ ಓಡುತ್ತಿರಲಿಲ್ಲ. ದಾರಿ ಗೊತ್ತಿದ್ದ ಎತ್ತು ಮನೆಗೆ ಹೋಗುವ ಹಾಗೆ ಒಂದೇ ಹದದಲ್ಲಿ ಹೋಗುತ್ತಿತ್ತು. ಎದುರಿಗೆ ಬಂದ ಬಸ್ಸಿನವರಿಗೆ ಅವನು ಕೈ ಬೀಸಿದ, ಕೂಗಿದ. ಅವರೂ ನಗುತ್ತ ಕೈ ಬೀಸಿದರು. ಬಾಗಿಲು ತಳ್ಳಿದ, ಒದ್ದ. ತೆರೆಯಲಿಲ್ಲ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಹೂಳಿನ ವಾಸನೆ. ಗಾಜಿನ ಒಳಮೈಯಲ್ಲಿ ನೀರು ಇಳಿಯುತ್ತಿತ್ತು. ಟಾಪಿನ ಮೇಲೆ ಸದ್ದು. ಮಳೆ ಸದ್ದು.

ಡಾಂಬರು ಮುಗಿಯಿತು. ಮಣ್ಣಿನ ದಾರಿ. ಜಾಲಿ ಗಿಡಗಳು. ಕೆರೆ ಏರಿ.

ಕೆರೆ ಬತ್ತಿ ಬಿರುಕು ಬಿಟ್ಟಿತ್ತು. ದೂರದಲ್ಲಿ ಎಮ್ಮೆಗಳು ಒಣ ಜೊಂಡು ಮೇಯುತ್ತಿದ್ದವು. ಲಾರಿ ಏರಿಯ ಮೇಲೆ ನಿಂತಿತು. ಬಾಗಿಲು ತಾನೇ ತೆರೆಯಿತು.

ಅರುಣಕುಮಾರ ಹಾರಿದ. ದಾರಿಯ ಕಡೆಗೇ ಹಾರಿದ್ದ. ಕಾಲಿಟ್ಟಲ್ಲಿ ಏರಿಯ ಮಣ್ಣು ಸರಕ್ಕನೆ ಜಾರಿತು. ಉರುಳಿ ಕೆರೆಯಂಗಳಕ್ಕೆ ಬಿದ್ದ. ಒಣ ನೆಲ. ಗಟ್ಟಿ ನೆಲ. ಏಳಲು ಕೈಯೂರಿದ. ಕೈ ಮೊಣಕೈವರೆಗೆ ಇಳಿಯಿತು. ಮಂಡಿ ಇಳಿಯಿತು. ನೆಲ ತಣ್ಣಗಿತ್ತು, ಮೆತ್ತಗಿತ್ತು. ಸೊಂಟ. ಎದೆ. ಎದ್ದು ಬರಲು ಒದ್ದಷ್ಟೂ ಕೆಳಕ್ಕೆ.

ಮೇಲಿನಿಂದ ಏನೋ ಅವನ ಮುಖದ ಮೇಲೆ ಬಿತ್ತು. ಹಗ್ಗ. ಹೆಬ್ಬೆರಳ ಗಾತ್ರದ ಒದ್ದೆ ಹಗ್ಗ. ಎರಡೂ ಕೈಯಿಂದ ಹಿಡಿದುಕೊಂಡ. ಹಗ್ಗ ಬಿಗಿಯಾಯಿತು. ಯಾರೋ ಎಳೆಯುತ್ತಿದ್ದರು. ಎದೆ ಹೊರಗೆ ಬಂತು. ಅವನು ಅತ್ತ. ಏರಿಯ ಮೇಲೆ ಕಂಬಳಿ ಕೊಪ್ಪೆ ಹೊದ್ದ ಒಬ್ಬ ಮನುಷ್ಯ ನಿಂತಿದ್ದ. ಅಂಥ ಬಿಸಿಲಿನಲ್ಲೂ ಕೊಪ್ಪೆಯಿಂದ ನೀರು ಸುರಿಯುತ್ತಿತ್ತು.

"ಬಿಡಬ್ಯಾಡ್ರೀ!" ಅರುಣಕುಮಾರ ಕಿರುಚಿದ. "ಬಿಡಬ್ಯಾಡ್ರೀ, ಯಜಮಾನ್ರ! ನಿಮ್ಮ ಕಾಲಿಗೆ ಬೀಳ್ತೀನಿ!"

ಆ ಮನುಷ್ಯ ಬಿಡಲಿಲ್ಲ. ಸೊಂಟದಿಂದ ಚಾಕು ತೆಗೆದ.

ಸಂಜೆ ಎಮ್ಮೆ ಹೊಡೆದುಕೊಂಡು ಹೋಗಲು ಬಂದ ಹೆಂಗಸರು ಏರಿಯ ಮೇಲೆ ಲಾರಿ ನಿಂತಿದ್ದನ್ನು ಕಂಡರು. ಎಂಜಿನ್ನು ಸಣ್ಣಗೆ ಗುರುಗುಡುತ್ತಿತ್ತು. ಕೆಳಗೆ, ಕಲ್ಲಿನಂಥ ಒಣ ನೆಲದ ಮೇಲೆ ಒಬ್ಬ ಸತ್ತು ಬಿದ್ದಿದ್ದ. ಬಟ್ಟೆಯ ಮೇಲೆ ಬರೀ ಧೂಳು. ಬಾಯಿ, ಮೂಗು, ಗಂಟಲ ತುಂಬ ಹಸಿ ಹೂಳು. ಬಲಗೈ ಮುಷ್ಟಿ ಕಟ್ಟಿತ್ತು. ಪೊಲೀಸರು ಬಂದು ಕಷ್ಟಪಟ್ಟು ಬೆರಳು ಬಿಡಿಸಿದರು. ಒಳಗೆ ಏನೂ ಇರಲಿಲ್ಲ.

ವಿಚಾರಣೆಯೆಲ್ಲ ಮುಗಿದ ಮೇಲೆ ಬೊಮ್ಮಪ್ಪ ಹೋಗಿ ಲಾರಿಯನ್ನು ಬಿಡಿಸಿಕೊಂಡು ಬಂದ. ನಾಗಲಿಂಗಮ್ಮ ಸೆರಗು ಸಿಕ್ಕಿಸಿ ಗಾಲಿಗಳಿಗೆ ನೀರು ಹಾಕುತ್ತಿದ್ದಳು.

"ಅಕ್ಕಾರ," ಎಂದ ಅವನು ದೂರದಲ್ಲೇ ನಿಂತು, "ಮಾರಾಟಕ್ಕೈತಿ ಅಂತ ಬರೆಸಿದ ಹಲಗಿ ಇನ್ನೂ ಗೇಟಿಗೆ ಐತಿ. ಜನ ಕೇಳ್ತಾರ."

"ಕಿತ್ತು ಒಲಿಗೆ ಹಾಕು. ನನಗ ಬೇಕಾದ ಗಿರಾಕಿ ಒಬ್ಬನಾ. ಬಂದು ಹೋದ."

ಬೊಮ್ಮಪ್ಪ ಹಲಗೆ ಕಿತ್ತ. ಅವಳ ಕಣ್ಣಿಗೆ ಕಣ್ಣು ಕೊಡಲು ಅವನಿಗೆ ಧೈರ್ಯವಾಗಲಿಲ್ಲ. ಅಂದಿನಿಂದ ಅವನು ಆ ಹಿತ್ತಲಿಗೆ ಕೆಲಸಕ್ಕೆ ಬರುವುದನ್ನೂ ಬಿಟ್ಟ.

ಅವಳಿಗೆ ಸಂಕಟವಾಗಲಿಲ್ಲ, ಸಂತೋಷವೂ ಆಗಲಿಲ್ಲ. ಬಹಳ ವರ್ಷಗಳ ಮೇಲೆ ಹಸಿವಾಯಿತು. ಒಳಗೆ ಹೋಗಿ ಎರಡು ರೊಟ್ಟಿ, ಪುಂಡಿಪಲ್ಯ ಉಂಡು ಬಂದು, ತಂತಿಯ ಮೇಲೆ ಹರವಿದ್ದ ಹಗ್ಗವನ್ನು ಮುಟ್ಟಿ ನೋಡಿದಳು. ಒಣಗಿತ್ತು. ಅದರಿಂದ ಎಮ್ಮೆಯನ್ನು ಗೂಟಕ್ಕೆ ಕಟ್ಟಿ, ಚರಿಗೆ ಹಿಡಿದು ಹಾಲು ಹಿಂಡಲು ಕುಳಿತಳು.