ಫೋಡಿಯೆ ಮಾವ ಬಿಡದ ಮಂಚ

ಪ್ಯಾರಿಸಿನ ಅಂಚಿನಲ್ಲಿರುವ ನಮ್ಮ ವಲಸೆ ಕೂಲಿಗಳ ಹಾಸ್ಟೆಲಿನಲ್ಲಿ ಮಂಚಗಳು ಮನುಷ್ಯರವಲ್ಲ, ಊರಿನವು. ಆಫ್ರಿಕಾದ ಮಾಲಿ ದೇಶಕ್ಕೆ, ನಮ್ಮೂರಿಗೆ ಮರಳುವವನು ತನ್ನ ಮಂಚದ ಮೇಲೆ ಸೋದರಳಿಯನನ್ನು ಕೂರಿಸುತ್ತಾನೆ. ಅಳಿಯ ‘ಜಾಗ ನಾನು ನೋಡ್ಕೋತೀನಿ’ ಎಂದ ಮೇಲೆಯೇ ಹೊರಡುವುದು. ನಮ್ಮೂರಿನಿಂದ ದಾಕಾರ್ ಬಂದರಿಗೆ ಹೋಗಿ ಹಡಗು ಹತ್ತಿದ ಮೊದಲ ಆಸಾಮಿ ಫೋಡಿಯೆ ಮಾವ. ‘ಮುಂದಿನ ವರ್ಷ ಊರಿಗೆ’ ಅನ್ನುತ್ತಲೇ ಇಲ್ಲಿನ ರಸ್ತೆ ಅಗೆದು ಮುದುಕರಾಗಿ, ಆಸ್ಪತ್ರೆಯಲ್ಲಿ ತೀರಿಕೊಂಡರು. ಹೆಣವನ್ನು ವಿಮಾನದಲ್ಲಿ ಊರಿಗೆ ಕಳಿಸಿದೆವು. ಆ ಮಾತು ಆಡುವ ಮೊದಲೇ ಮಂಚ ಅಳಿಯ ಬಾಕರಿಗೆ ಬಂತು.

ಬಾಕರಿ ರಾತ್ರಿ ಕಚೇರಿಗಳನ್ನು ಗುಡಿಸಿ ಬೆಳಿಗ್ಗೆ ಮಲಗುವವನು. ಒಂದು ದಿನ, “ಅಣ್ಣ, ಕೈ ಇಟ್ಟು ನೋಡು,” ಅಂದ. ಗೋಡೆಯ ಬದಿಯ ಅರ್ಧ ಹಾಸಿಗೆ, ಆಗಷ್ಟೇ ಯಾರೋ ಎದ್ದು ಹೋದ ಹಾಗೆ ಬೆಚ್ಚಗಿತ್ತು.

“ಈ ಚಳೀಲಿ ಬಿಸಿ ಹಾಸಿಗೆ ಸಿಕ್ಕಿದೆ, ಅದಕ್ಕೂ ತಕರಾರಾ?” ಎಂದು ನಕ್ಕೆ.

ಹಾಸಿಗೆ ಬದಲಾಯಿಸಿದೆವು. ಹೊಸದೂ ಬೆಚ್ಚಗಾಯಿತು, ದಿಂಬಿನಲ್ಲಿ ತಲೆಯಷ್ಟು ಗುಳಿ. ಬಾಕರಿ ನೆಲಕ್ಕಿಳಿದ. ಆದರೆ ಖಾಲಿ ಮಂಚ ಕಂಡರೆ ಮೇಲ್ವಿಚಾರಕ ಅದನ್ನು ಬೇರೆಯವರಿಗೆ ಕೊಟ್ಟುಬಿಡುತ್ತಾನೆ. ಊರಿನಿಂದ ಬರುವ ಮುಂದಿನವನಿಗೆ ತಲೆಯಿಡಲು ಜಾಗವಿರುವುದಿಲ್ಲ.

“ಹೇಳಬೇಕಾದ್ದನ್ನ ಹೇಳಿಬಿಡೋ,” ಎಂದೆ.

“ಯಾರಿಗೆ? ದಿಂಬಿಗಾ?” ಎಂದು ರೇಗಿದ. ಆದರೂ ಹಾಡುಹಗಲಲ್ಲೇ ಮಂಚದ ತುದಿಯಲ್ಲಿ ಕೂತು, ಗೋಡೆಯ ಕಡೆ ತಿರುಗಿ, “ಮಾವ, ನೀವಿನ್ನು ಹೊರಡಿ. ಜಾಗ ನಾನು ನೋಡ್ಕೋತೀನಿ,” ಅಂದ.

ಮರುದಿನ ಹಾಸಿಗೆ ಮಂಜಿನಂತೆ ತಣ್ಣಗಿತ್ತು. ಬಾಕರಿ ಸಂಜೆಯವರೆಗೆ ಗೊರಕೆ ಹೊಡೆದ.

ಆ ಶುಕ್ರವಾರ ಊರಿನಿಂದ ಫೋಡಿಯೆ ಮಾವನ ಹೆಂಡತಿ ಕುಂಬಾ ಅತ್ತೆ ಫೋನ್ ಮಾಡಿದರು. ಇಲ್ಲಿನ ಹಾಸಿಗೆಯ ಸುದ್ದಿಯನ್ನು ನಾವು ಯಾರೂ ಅವರಿಗೆ ಹೇಳಿರಲಿಲ್ಲ.

“ಇಷ್ಟು ವರ್ಷ ತಣ್ಣಗಿದ್ದ ಮಗ್ಗುಲು ಕಣ್ರೋ,” ಎಂದರು, ಸಿಟ್ಟೋ ನಾಚಿಕೆಯೋ ತಿಳಿಯದ ದನಿಯಲ್ಲಿ. “ಈಗ ದಿನಾ ಬೆಳಿಗ್ಗೆ ಬೆಚ್ಚಗಿರತ್ತೆ. ಬರೋರು ಹೇಳಿ ಬರಬಾರ್ದಾ?”