ಗ್ಯಾರೇಜಿನ ಶಟರು ಉಬ್ಬಿದ ಮಧ್ಯಾಹ್ನ

"ಶಾಲೆ ಗೋಡೆ ಹಾರಿ ಓಡಿದವನು ಈಗ ಗೋಡೆ ಬಗ್ಗೆ ಪಾಠ ಹೇಳ್ತಾನೆ, ಕೇಳ್ರಪ್ಪಾ!" ಅಣ್ಣ ಗಾರೆ ಕೆಲಸದವರ ಎದುರೇ ನಕ್ಕ. ನಾನೂ ನನ್ನ ಹೆಂಡತಿಯೂ ಎರಡು ವರ್ಷದಿಂದ ಹಾಲ್‌ನಲ್ಲೇ ಮಲಗುತ್ತಿದ್ದೆವು; ಈಗ ಅವಳು ಬಸುರಿ. ಗೋಡೆ ಗಟ್ಟಿಯಿದೆ, ಮನೆಯ ಗ್ಯಾರೇಜನ್ನು ಕೋಣೆ ಮಾಡಿಕೊಳ್ಳುತ್ತೇನೆ ಎಂದದ್ದೇ ನನ್ನ ತಪ್ಪು.

"ಹಿಂದಿನ ಗೋಡೆಗೆ ನಾಲ್ಕು ಏಟು ಹಾಕು. ಬೀಳದಿದ್ರೆ ಗ್ಯಾರೇಜು ನಿಂದೇ, ಹೋಗು," ಅಂದ ಅಣ್ಣ.

ಮೈ ಉರಿದುಹೋಯಿತು. ದೊಡ್ಡ ಸುತ್ತಿಗೆ ಎತ್ತಿಕೊಂಡು, ಅವನ ಮುಖವೇ ಎಂದುಕೊಂಡು, ಅಂಗೈ ಕಿತ್ತು ರಕ್ತ ಬರುವವರೆಗೂ ಚಚ್ಚಿದೆ. ಗೋಡೆ ಅಲ್ಲಾಡಲಿಲ್ಲ. ಉದುರಿದ ಗಾರೆ ಮಾತ್ರ ಜ್ವರ ಬಂದ ಮೈಯಂತೆ ಬಿಸಿಯಾಗಿತ್ತು. ನಾನು ಕೈ ನಿಲ್ಲಿಸಿದೆ. ಏಟಿನ ಸದ್ದು ನಿಲ್ಲಲಿಲ್ಲ. ನನ್ನಷ್ಟೇ ಸಿಟ್ಟಿನಿಂದ ಯಾರೋ ಗೋಡೆಯೊಳಗಿಂದ ಹೊಡೆಯುತ್ತಲೇ ಇದ್ದರು.

ಹೊರಗೆ ಓಡಿಬಂದು ಶಟರ್ ಎಳೆದು ಬೀಗ ಜಡಿದೆ. ಒಳಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಆದರೂ ಮಟಮಟ ಮಧ್ಯಾಹ್ನ, ನಾಲ್ಕು ಜನರ ಕಣ್ಣೆದುರು, ಒಳಗಿನ ಏಟಿಗೆ ತಗಡು ಹೊರಕ್ಕೆ ಉಬ್ಬಿತು. ಮೊದಲ ಉಬ್ಬು ಮೊಣಕಾಲಿನೆತ್ತರಕ್ಕೆ, ಆಮೇಲೆ ಸೊಂಟಕ್ಕೆ, ಆಮೇಲೆ ಎದೆಗೆ. ಕೂತಿದ್ದವರು ಹೊಡೆಯುತ್ತಲೇ ಎದ್ದು ನಿಂತ ಹಾಗಿತ್ತು. ಅಣ್ಣ ಗಾರೆ ಕೆಲಸದವರ ಹಿಂದಕ್ಕೆ ಸರಿದ.

ಅಡುಗೆಮನೆಯ ಬಾಗಿಲಿಗೆ ಬಂದು ಹೆಂಡತಿ ಆಸೆಯಿಂದ ಕೇಳಿದಳು: "ರೀ, ಗೋಡೆ ಗಟ್ಟಿ ಇದೆಯಂತಲ್ಲಾ? ಹಾಗಾದ್ರೆ ಕೋಣೆ ನಮ್ದೇ ಅಲ್ವಾ?"

ನಾನು ಅವಳನ್ನು ದಾಟಿ ಒಳಗೆ ಹೋಗಿ, ಹಾಲ್‌ನಲ್ಲಿ ನಮ್ಮ ಹಾಸಿಗೆಯನ್ನೇ ಮತ್ತೆ ಬಿಡಿಸಿದೆ.